ಜೋಪಾನದಿಂದ ಕೆಟ್ಟ ಟರ್ಬೋ ಗಾಡಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅವತ್ತು ಮಂಗಳವಾರ ಎಂದು ನನ್ನ ನೆನಪು, ಚಿಕ್ಕಪ್ಪ ಬುಧವಾರ ಎನ್ನುತ್ತಾರೆ. ಕಾರು ಸುಸ್ತಾದದ್ದು ಕೊಳಗಲ್ಲಿನ ತಿರುವಿನಲ್ಲೋ ಅದಕ್ಕಿಂತ ಮುಂದೋ ಎಂಬುದರಲ್ಲೂ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಆದರೆ ಸ್ಪೀಡೋಮೀಟರ್ ಪಕ್ಕದ ಗಾಜಿಗೆ ಚಿಕ್ಕಮ್ಮನ ಹಣೆಯ ಟಿಕಳಿ ಅಂಟಿಸಿದ್ದು ಮಾತ್ರ ಸತ್ಯ. ಮೆರೂನ್ ಬಣ್ಣದ್ದು. ನಾನೇ ಉಗುರಿನಿಂದ ಕಿತ್ತಿದ್ದೇನೆ.

ಟಿಕಳಿಯ ಕೆಳಗೆ ಏನಿತ್ತು? ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಕಾರು.

ಚಿಕ್ಕಪ್ಪ ಪಂಪಾಪತಿಯವರದು ಬಳ್ಳಾರಿಯಲ್ಲಿ ಪಂಪ್‌ಸೆಟ್ ಸ್ಪೇರ್ ಪಾರ್ಟ್ಸ್ ಅಂಗಡಿ. ಹಾಗಾಗಿ ಜಗತ್ತಿನ ಎಲ್ಲ ಎಂಜಿನ್‌ಗಳೂ ತಮಗೆ ಸಂಬಂಧಿಕರು ಎಂಬ ನಂಬಿಕೆ. ನಾಲ್ಕು ವರ್ಷದ ಹಿಂದೆ ಟರ್ಬೋ ಡೀಸೆಲ್ ಕಾರು ಕೊಂಡರು. ಮದುವೆ ಮನೆಯಲ್ಲಿ ಯಾರಾದರೂ ಮರ್ಯಾದೆಗೆ ‘ಗಾಡಿ ಹೆಂಗೈತಿ’ ಎಂದರೆ ಸಾಕು. ಸಾವಿರದ ಐನೂರು ಸಿಸಿ. ನಾಲ್ಕು ಸಿಲಿಂಡರ್. ನೂರು ಕುದುರೆ. ಟಾರ್ಕ್ ಇನ್ನೂರ ನಲವತ್ತು, ಅದೂ ಸಾವಿರದ ಏಳುನೂರ ಐವತ್ತು ಆರ್‌ಪಿಎಂಗೇ. ಅಷ್ಟರಲ್ಲಿ ಕೇಳಿದವರ ಎಲೆಯಲ್ಲಿ ಅನ್ನ ಆರಿರುತ್ತದೆ.

(ಟಾರ್ಕ್ ಎಂದರೇನು ಎಂದು ಒಮ್ಮೆ ಕೇಳಿದ್ದೆ. ಎಳೆಯುವ ತಾಕತ್ತು ಎಂದರು. ಏನನ್ನು ಎಳೆಯಲು ಎಂದು ಕೇಳುವ ಧೈರ್ಯವಾಗಲಿಲ್ಲ. ಆ ಕಾರು ದಿನವೂ ಎಳೆಯುತ್ತಿದ್ದದ್ದು ಚಿಕ್ಕಪ್ಪನನ್ನೂ ಅವರ ಊಟದ ಡಬ್ಬಿಯನ್ನೂ, ಪಾರ್ವತಿನಗರದ ಮನೆಯಿಂದ ಅಂಗಡಿಗೆ. ಎರಡು ಕಿಲೋಮೀಟರ್.)

ಇಷ್ಟು ತಾಕತ್ತಿನ ಗಾಡಿಯನ್ನು ಚಿಕ್ಕಪ್ಪ ಬಾಣಂತಿಯಂತೆ ನೋಡಿಕೊಂಡರು. ಬೆಳಗ್ಗೆ ಸ್ಟಾರ್ಟ್ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಸ್ಟೇರಿಂಗಿಗೆ, ಗೇರಿನ ತಲೆಗೆ, ಬಾನೆಟ್ಟಿಗೆ ವಿಭೂತಿ. ಮೂರು ಬೆರಳು, ನಿಧಾನವಾಗಿ. ಅಷ್ಟು ಹೊತ್ತು ಎಂಜಿನ್ ಬೆಚ್ಚಗಾಗಬೇಕಂತೆ. ದಾರಿಯಲ್ಲಿ ನಲವತ್ತು ದಾಟುವಂತಿಲ್ಲ. ಎಂಜಿನ್ ಸುತ್ತು ತೋರಿಸುವ ಮುಳ್ಳು ಹದಿನಾಲ್ಕು ನೂರು ಆರ್‌ಪಿಎಂ ಮುಟ್ಟಿತೋ ಇಲ್ಲವೋ ಮೇಲಿನ ಗೇರು. ತಲುಪಿದ ಮೇಲೆ ಎರಡು ನಿಮಿಷ ಎಂಜಿನ್ ಆಫ್ ಮಾಡುವಂತಿಲ್ಲ, ಯಾರೂ ಇಳಿಯುವಂತಿಲ್ಲ. ‘ಟರ್ಬೋ ಉಸಿರು ಬಿಡ್ಲಿ.’ ಹೀಗೆ ನಾವು ಎರಡು ಮದುವೆಗಳ ಅಕ್ಷತೆಯನ್ನು ಕಾರಿನ ಗಾಜಿನೊಳಗಿಂದ ನೋಡಿದ್ದೇವೆ.

ಇನ್ನೊಂದು ಹೆಮ್ಮೆಯಿತ್ತು. ಬೇರೆಯವರ ಗಾಡಿಗಳು ಎಂಜಿನ್ ಆಯಿಲ್ ಕುಡಿಯುತ್ತವೆ, ನಮ್ಮದರಲ್ಲಿ ಆಯಿಲ್ ಹೆಚ್ಚಾಗುತ್ತದೆ. ಭಾನುವಾರಕ್ಕೊಮ್ಮೆ ಆಯಿಲ್ ಅಳೆಯುವ ಕಡ್ಡಿ ಎಳೆದು ನೆರೆಮನೆಯವರಿಗೆ ತೋರಿಸುತ್ತಿದ್ದರು. ಹೋದ ತಿಂಗಳಿಗಿಂತ ಒಂದು ಬೆರಳು ಮೇಲೆ. ನಾವೆಲ್ಲ ತಲೆದೂಗಿದೆವು. ಬಾವಿಯಲ್ಲಿ ನೀರು ಏರಿದರೆ ಸಂತೋಷಪಡುವ ಊರಿನವರು, ಎಂಜಿನ್‌ನಲ್ಲಿ ಆಯಿಲ್ ಏರಿದರೆ ಅನುಮಾನ ಪಡುತ್ತೇವೆಯೇ?

ಈಗ ಚಿಕ್ಕಮ್ಮ. ಹೆಸರು ವಿಶಾಲಾಕ್ಷಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಜೀನ್ಸ್ ಹೊಲಿಸುವ ಕೆಲಸ. ಬಳ್ಳಾರಿಯಲ್ಲಿ ಇದೇನು ವಿಶೇಷವಲ್ಲ, ನಮ್ಮ ಓಣಿಯ ಕಾಗೆ ಗೂಡಿನಲ್ಲೂ ನೀಲಿ ದಾರ ಸಿಗುತ್ತದೆ. ಬಟ್ಟೆ ಕತ್ತರಿಸುವುದು ಇಲ್ಲಿ. ಗುಂಡಿ ಹಚ್ಚುವವರು ಕುರುಗೋಡಿನಲ್ಲಿ. ಹೊಲಿಯುವ ಎಂಟು ಜನ ಹೆಂಗಸರು ಸಿರುಗುಪ್ಪದಲ್ಲಿ. ಆ ಎಂಟು ಜನ ಈ ಸಲ ಖಡಕ್ಕಾಗಿ ಹೇಳಿದ್ದರು: ವಾರಕ್ಕೆ ಎರಡು ಸಲ ಮಾಲು ತಂದರೆ ಸರಿ, ಇಲ್ಲದಿದ್ದರೆ ಬೇರೆಯವರ ಕೆಲಸ ಹಿಡಿಯುತ್ತೇವೆ. ಚಿಕ್ಕಮ್ಮ ಮಾತು ಕೊಟ್ಟಳು. ಮಂಗಳವಾರ, ಶುಕ್ರವಾರ, ತಾನೇ ಬರುತ್ತೇನೆ ಎಂದು.

ಹೇಗೆ ಹೋಗುವುದು? ಚಿಕ್ಕಪ್ಪನಿಗೆ ಬಿಡುವಿರುವುದು ಅಂಗಡಿ ರಜೆಯ ದಿನ ಮಾತ್ರ. ಆಕೆಗೆ ಲೈಸೆನ್ಸ್ ಇತ್ತು, ತೆಗೆದು ಐದು ವರ್ಷವಾಗಿತ್ತು. ಹಲಕುಂದಿಯ ತವರಿಗೆ ಹೋದಾಗಲೆಲ್ಲ ತಮ್ಮನ ಪಿಕಪ್‌ನಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಓಡಿಸುತ್ತಾಳೆ. ಇದು ಚಿಕ್ಕಪ್ಪನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಮತ್ತೇನು ಅಡ್ಡಿ ಎಂದು ನಾನು ಕೇಳಿದ್ದಕ್ಕೆ ಚಿಕ್ಕಮ್ಮ ಹೇಳಿದ್ದು ಇಷ್ಟೇ: ‘ಲೈಸೆನ್ಸ್ ಐತಿ, ಗಾಡಿ ಐತಿ. ನಡುವ ನಿಮ್ಮ ಚಿಕ್ಕಪ್ಪ ಅದಾರ.’

ಚಿಕ್ಕಪ್ಪನ ವಾದವೂ ಸರಳ. ಪೆಟ್ರೋಲ್ ಗಾಡಿಯಾಗಿದ್ದರೆ ಬೇರೆ ಮಾತು, ಇದು ಟರ್ಬೋ.

ಅವತ್ತು (ಮಂಗಳವಾರ ಎಂದೇ ಇಟ್ಟುಕೊಳ್ಳೋಣ) ಚಿಕ್ಕಮ್ಮ ಕೊಟ್ಟ ಮಾತಿನ ಮೊದಲ ದಿನ. ಚಿಕ್ಕಪ್ಪ ಅಂಗಡಿಗೆ ಬೀಗ ಹಾಕಿ, ಉಪಕಾರ ಮಾಡುವ ಮುಖ ಮಾಡಿಕೊಂಡು ಹೊರಟರು. ಹಿಂದಿನ ಸೀಟಿನಲ್ಲಿ ಜೀನ್ಸ್ ಗಂಟುಗಳ ನಡುವೆ ಚಿಕ್ಕಮ್ಮ. ಮುಂದೆ ನಾನು. ನನ್ನದು ಕುರುಗೋಡಿನ ಮಿರ್ಚಿ ತಿನ್ನುವ ಘನ ಉದ್ದೇಶ.

ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಕಾರು ಎಳೆಯುವುದನ್ನು ನಿಲ್ಲಿಸಿತು. ಕಾಲು ಒತ್ತಿದರೆ ಸದ್ದು ಬರುತ್ತಿತ್ತು, ವೇಗ ಬರುತ್ತಿರಲಿಲ್ಲ. ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಓವರ್‌ಟೇಕ್ ಮಾಡಿತು. ಹುಲ್ಲಿನ ಮೇಲೆ ಮಲಗಿದ್ದವನು ತಲೆಯೆತ್ತಿ ಕೇಳಿದ: ‘ತಳ್ಳಬೇಕೇನ್ರಿ ಅಣ್ಣಾರ?’

ಆಗಲೇ ಚಿಕ್ಕಮ್ಮ ಮುಂದಕ್ಕೆ ಬಗ್ಗಿದಳು. ಸ್ಪೀಡೋಮೀಟರ್ ಕಡೆ ಬೆರಳು ಮಾಡಿದಳು.

‘ಇದು ನನ್ನ ಟಿಕಳಿ ಅಲ್ಲೇನ್ರಿ?’

ನಾನು ಕಿತ್ತೆ. ಕೆಳಗೆ ಹಳದಿ ದೀಪ ಉರಿಯುತ್ತಿತ್ತು. ಒಂದು ಕೊಳವೆ, ಅದರೊಳಗೆ ಚುಕ್ಕೆಗಳು. ಇಪ್ಪತ್ತು ದಿನದಿಂದ ಉರಿಯುತ್ತಿತ್ತಂತೆ. ಕಣ್ಣಿಗೆ ಚುಚ್ಚುತ್ತಿತ್ತು, ಅದೆಲ್ಲ ಸೆನ್ಸರ್‌ನ ನಾಟಕ ಎಂದು ಚಿಕ್ಕಪ್ಪ, ಮನೆಯ ಕನ್ನಡಿಗೆ ಚಿಕ್ಕಮ್ಮ ಅಂಟಿಸಿಟ್ಟಿದ್ದ ಟಿಕಳಿ ತಂದು ಮುಚ್ಚಿದ್ದರು. ನಗಬೇಡಿ. ನೀವು ಬಿಪಿ ರಿಪೋರ್ಟನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಲ್ಲವೇ?

ತೆವಳುತ್ತ ಕುರುಗೋಡು ಮುಟ್ಟಿದೆವು. ಗ್ಯಾರೇಜಿನ ಮಾಬು ಒಂದು ಯಂತ್ರ ತಂದು ಕಾರಿಗೆ ಚುಚ್ಚಿ ನೋಡಿದ. ಆಮೇಲೆ ಡಾಕ್ಟರರಂತೆ ಪ್ರಶ್ನೆ ಶುರು ಮಾಡಿದ. ದಿನಾ ಎಷ್ಟು ದೂರ? ಎರಡು ಕಿಲೋಮೀಟರ್. ಎಷ್ಟು ಸ್ಪೀಡು? ಮೂವತ್ತೈದು, ಎಂದರು ಚಿಕ್ಕಪ್ಪ, ಬಹುಮಾನ ನಿರೀಕ್ಷಿಸುವವರಂತೆ. ಮಾಬು ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ, ಚಿಕ್ಕಪ್ಪನ ಮೂಗಿಗೂ ಹಿಡಿದ. ಡೀಸೆಲ್ ವಾಸನೆ.

‘ಗಾಡಿದು ಏನೂ ತಪ್ಪಿಲ್ಲ ಅಣ್ಣಾರ. ನೀವು ಅದನ್ನ ತೊಟ್ಟಿಲದಾಗ ಹಾಕಿ ತೂಗೀರಿ.’

ಅವನು ವಿವರಿಸಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಟರ್ಬೋ ಎಂದರೆ ಒಂದು ಪುಟ್ಟ ಫ್ಯಾನು. ಎಂಜಿನ್ ಉಗುಳುವ ಬಿಸಿ ಹೊಗೆಯೇ ಅದನ್ನು ನಿಮಿಷಕ್ಕೆ ಲಕ್ಷ ಸುತ್ತು ತಿರುಗಿಸುತ್ತದೆ. ಅದು ತಿರುಗಿ ಎಂಜಿನ್‌ಗೆ ಗಾಳಿ ತುರುಕುತ್ತದೆ. ಹದಿನಾಲ್ಕು ನೂರು ಆರ್‌ಪಿಎಂನಲ್ಲಿ ಅದಕ್ಕೆ ಸರಿಯಾಗಿ ಎಚ್ಚರವೇ ಆಗುವುದಿಲ್ಲ. ಹೊಸ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯಲು ಒಂದು ಜರಡಿಯೂ ಇರುತ್ತದೆ. ಗಾಡಿ ಜೋರಾಗಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮೆಲ್ಲಗೆ ಎರಡು ಕಿಲೋಮೀಟರ್ ಓಡಿಸಿ ಆಫ್ ಮಾಡಿದರೆ ಜರಡಿ ಕಟ್ಟಿಕೊಳ್ಳುತ್ತದೆ; ಹಳದಿ ದೀಪ ಹೇಳುತ್ತಿದ್ದದ್ದು ಅದನ್ನೇ. ಮಸಿ ಸುಡಲು ಗಾಡಿ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ, ಅಷ್ಟರಲ್ಲಿ ಅಂಗಡಿ ಬಂದುಬಿಡುತ್ತದೆ, ಆ ಡೀಸೆಲ್ ಇಳಿದು ಆಯಿಲ್ ಸೇರುತ್ತದೆ. ಭಾನುವಾರದ ನಮ್ಮ ಹೆಮ್ಮೆ ಅದು.

ಮಾಬು ಆಯಿಲ್ ಬದಲಾಯಿಸಿದ. ಜರಡಿ ಇನ್ನೂ ಪೂರ್ತಿ ಕಟ್ಟಿಲ್ಲ, ಔಷಧ ಒಂದೇ ಎಂದ: ಸಿರುಗುಪ್ಪದ ದಾರಿ ಹಿಡಿಯಿರಿ, ಮೇಲಿನ ಗೇರಿಗೆ ಹೋಗಬೇಡಿ, ಮುಳ್ಳು ಎರಡು ಸಾವಿರ ಮೇಲೆ ಇರಲಿ, ಅರ್ಧ ಗಂಟೆ, ನಡುವೆ ನಿಲ್ಲಿಸಬೇಡಿ.

ಚಿಕ್ಕಪ್ಪ ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ನಾನು ನೋಡಿದ್ದೇನೆ. ಮುಳ್ಳು ಹದಿನೆಂಟು ನೂರು ಮುಟ್ಟಿದಾಗ ಅವರ ಹಣೆಯಲ್ಲಿ ಬೆವರು. ಎರಡು ಸಾವಿರ ಎನ್ನುವಷ್ಟರಲ್ಲಿ ಎಡಗೈ ತಾನಾಗಿ ಗೇರಿನ ಮೇಲೆ. ಗೇರು ಮೇಲೆ, ಮುಳ್ಳು ಕೆಳಗೆ. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಎಮ್ಮೆಯೊಂದು ದೂರದ ಹೊಲದಲ್ಲಿ ಕಂಡಿದ್ದಕ್ಕೇ ಬ್ರೇಕ್ ಒತ್ತಿದರು.

‘ಇಳೀರಿ’ ಎಂದಳು ಚಿಕ್ಕಮ್ಮ.

(ಇಲ್ಲಿ ಒಂದು ತಿದ್ದುಪಡಿ. ‘ಚಿಕ್ಕಮ್ಮ ಓಡಿಸಲಿ ಬಿಡ್ರಿ’ ಎಂದು ಮೊದಲು ಹೇಳಿದವಳು ನಾನೇ ಎಂದು ನನಗೆ ಸ್ಪಷ್ಟ ನೆನಪಿದೆ. ಚಿಕ್ಕಮ್ಮನ ಪ್ರಕಾರ ನಾನಾಗ ಏನೂ ಹೇಳಲಿಲ್ಲ, ಬಾಯಲ್ಲಿ ಮಿರ್ಚಿ ಇತ್ತು. ಆಕೆಯ ನೆನಪೇ ಸರಿಯಿರಬೇಕು.)

ಚಿಕ್ಕಪ್ಪ ಹಿಂದೆ ಗಂಟುಗಳ ನಡುವೆ ಕುಳಿತರು. ಚಿಕ್ಕಮ್ಮ ಸೀಟು ಮುಂದಕ್ಕೆ ಎಳೆದುಕೊಂಡಳು, ಸೆರಗು ಸಿಕ್ಕಿಸಿದಳು, ಚಪ್ಪಲಿ ಬಿಟ್ಟಳು. ಮೂರನೇ ಗೇರು. ಮುಳ್ಳು ಎರಡು ಸಾವಿರ, ಎರಡೂವರೆ. ಆಗ ಬಾನೆಟ್ಟಿನ ಒಳಗಿಂದ ಒಂದು ಸಣ್ಣ ಸಿಳ್ಳೆ ಕೇಳಿಸಿತು. ನಾಲ್ಕು ವರ್ಷದಲ್ಲಿ ನಾವ್ಯಾರೂ ಕೇಳದ ಸಿಳ್ಳೆ. ನನ್ನ ಬೆನ್ನು ಸೀಟಿಗೆ ಅಂಟಿತು. ಟಾರ್ಕ್ ಎಂದರೆ ಇದು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ನಮ್ಮನ್ನು ದಾಟಿ ಹೋಗಿದ್ದಂಥ ಹುಲ್ಲಿನ ಟ್ರ್ಯಾಕ್ಟರ್‌ಗಳು ಎರಡು ಹಿಂದೆ ಬಿದ್ದವು. ಸುಟ್ಟ ವಾಸನೆ ಬಂತು, ಎಂಜಿನ್ ತಂಪು ಮಾಡುವ ಫ್ಯಾನು ಭರ್ ಎಂದಿತು. ಚಿಕ್ಕಪ್ಪ ಹಿಂದಿನಿಂದ ಗಾಡಿ ನಿಲ್ಲಿಸು ಎಂದು ಒಂದೇ ಸಮನೆ ಹೇಳಿದರು.

‘ಮಾಬು ಏನ್ ಹೇಳ್ಯಾನ? ನಡುವ ನಿಂದ್ರಸಬಾರದು. ಮಸಿ ಸುಡಾಕ ಹತ್ತೈತಿ, ಸುಡ್ಲಿ ಸುಮ್ಕಿರ್ರಿ.’

ಸಿರುಗುಪ್ಪ ಕಣ್ಣಿಗೆ ಬೀಳುವ ಮೊದಲೇ ದೀಪ ಆರಿತು.

ನಾನು ಸುಮ್ಮನೆ ಯೋಚಿಸುತ್ತಿದ್ದೆ. ನಮ್ಮ ಮನೆಯ ಟಿವಿ ರಿಮೋಟಿಗೆ ಇನ್ನೂ ಪ್ಲಾಸ್ಟಿಕ್ ಕವರ್ ಇದೆ, ಟಿವಿ ಕೆಟ್ಟು ವರ್ಷವಾಯಿತು. ಷೋಕೇಸಿನ ಕಪ್ಪುಗಳು ಇನ್ನೂ ಚಹಾ ಕಂಡಿಲ್ಲ. ಜೋಪಾನ ಮಾಡುವುದೆಂದರೆ ಬಳಸದಿರುವುದು ಎಂದು ನಮಗೆ ಯಾರು ಕಲಿಸಿದರು? ಕಪ್ಪಿಗಾದರೆ ಹೋಗಲಿ, ಮನುಷ್ಯರಿಗೂ?

ಸಿರುಗುಪ್ಪದ ಆ ಓಣಿ ಬಲು ಇಕ್ಕಟ್ಟು. ಚಿಕ್ಕಪ್ಪ ಇಳಿದು ‘ಬರ್ಲಿ, ಬರ್ಲಿ’ ಎನ್ನಲು ಹಿಂದೆ ಹೋಗುವಷ್ಟರಲ್ಲಿ ಚಿಕ್ಕಮ್ಮ ಒಂದೇ ಏಟಿಗೆ ರಿವರ್ಸ್ ಮಾಡಿ ನಿಲ್ಲಿಸಿಯಾಗಿತ್ತು. ಹೊಲಿಗೆಯ ಹೆಂಗಸರಲ್ಲಿ ಹಿರಿಯಳಾದ ಹಂಪಮ್ಮ ಚಹಾ ಕೊಡುತ್ತ ಕೇಳಿದಳು: ಇಷ್ಟು ಚೆನ್ನಾಗಿ ಓಡಿಸುವವರು ಇಷ್ಟು ದಿನ ಯಾಕೆ ಬರಲಿಲ್ಲ?

ಉತ್ತರ ಕೊಟ್ಟವರು ಚಿಕ್ಕಪ್ಪ. ‘ಆಕಿ ಒಂದ್ ಸಲಾನೂ ಕೀಲಿ ಕೇಳಿಲ್ಲ ನೋಡವ್ವಾ. ಕೇಳಿದ್ರ ನಾ ಬ್ಯಾಡ ಅಂತಿದ್ನೇನು?’

ಚಿಕ್ಕಮ್ಮ ಲೋಟ ಕೆಳಗಿಟ್ಟಳು. ದನಿ ಏರಿಸಲಿಲ್ಲ.

‘ಗಾಡಿ ಬಂದ ದಿನ ಕೇಳಿದ್ದೆ. ನಮ್ಮವ್ವಗ ಆರಾಮಿಲ್ಲದಾಗ ಕೇಳಿದ್ದೆ. ಹೋದ ಯುಗಾದಿಗೆ ಕೇಳಿದ್ದೆ, ಗಾಡಿಯಾಗ ಈಕಿನೂ ಇದ್ಲು.’

ಈಕಿ ಎಂದರೆ ನಾನು.

ಚಿಕ್ಕಪ್ಪ ಸುಳ್ಳು ಹೇಳುವವರಲ್ಲ. ಅವರ ಮುಖ ನೋಡಿದರೆ ನಿಜಕ್ಕೂ ನೆನಪಿಲ್ಲದವರ ಮುಖ. ನಾನೇನು ಕಡಿಮೆ? ಮನೆಗೆ ಬಂದು ಯುಗಾದಿಯ ಡೈರಿ ಪುಟ ತೆಗೆದೆ. ಹೋಳಿಗೆ ಬಗ್ಗೆ ನಾಲ್ಕು ಸಾಲಿದೆ. ಬಿಸಿಲಿನ ಬಗ್ಗೆ ಎರಡು. ಮದುವೆಯೊಂದಕ್ಕೆ ತಡವಾದದ್ದರ ಬಗ್ಗೆ ಅರ್ಧ ಪುಟ. ಕೀಲಿಯ ಬಗ್ಗೆ ಒಂದಕ್ಷರವಿಲ್ಲ. ಮುಂದಿನ ಸೀಟಿನಲ್ಲಿ ಕುಳಿತ ಓದಿದ ಹೆಣ್ಣುಮಗಳ ಕಿವಿಗೆ ಅದು ಬೀಳಲೇ ಇಲ್ಲ. ಅಥವಾ ಬಿದ್ದೂ, ಬರೆಯುವಷ್ಟು ದೊಡ್ಡದೆನಿಸಲಿಲ್ಲ.

ಈಗ ಮಂಗಳವಾರ, ಶುಕ್ರವಾರ ಕೀಲಿ ಚಿಕ್ಕಮ್ಮನ ಕೈಯಲ್ಲಿ. ಎಂಟು ಜನರೂ ಕೆಲಸ ಬಿಟ್ಟಿಲ್ಲ. ಆ ಎರಡು ದಿನ ಚಿಕ್ಕಪ್ಪ ಅಂಗಡಿಗೆ ನಡೆದು ಹೋಗುತ್ತಾರೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ತಾವೇ ಎಲ್ಲರಿಗೂ ಹೇಳುತ್ತಾರೆ. ಮೊನ್ನೆ ಅವರ ಜೊತೆ ಅರ್ಧ ದಾರಿ ನಡೆದೆ. ಒಂದೇ ಒಂದು ಪ್ರಶ್ನೆ ಕೇಳಿದೆ. ಅಂಗಡಿ ಬಂತು, ಶಟರ್ ಎತ್ತಿದರು, ಗಿರಾಕಿ ಬಂದ, ನಾನು ವಾಪಸ್ ಬಂದೆ. ಈ ಅಂಕಣವನ್ನು ಅವರು ತಪ್ಪದೆ ಓದುತ್ತಾರಾದ್ದರಿಂದ ಅದನ್ನೇ ಇಲ್ಲಿ ಇನ್ನೊಮ್ಮೆ ಕೇಳುತ್ತಿದ್ದೇನೆ:

‘ಚಿಕ್ಕಪ್ಪ, ಆಕಿ ಕೇಳಿದ್ದು ನಮಗ ನೆನಪಿಲ್ಲೋ, ಅಥವಾ ಅವತ್ತು ಕೇಳಿಸಿಕೊಂಡೇ ಇರ್ಲಿಲ್ಲೋ?’