ಒಂದೇ ಹಾಳೆಯ ಅತ್ತಿಗೆ

ಕಾಗದ ಕತ್ತರಿಸಿ ಚಿತ್ರ ಮಾಡುವ ಅತ್ತಿಗೆ ಮನೆಯಲ್ಲಿರುವ ತನಕ ಯಾವ ಕಾಗದಕ್ಕೂ ಉಳಿಗಾಲವಿಲ್ಲವೆಂಬುದು ಮೈದುನನ ದೂರು. ಅರ್ಧ ಓದಿಟ್ಟ ಪತ್ರಿಕೆಯಲ್ಲಿ ನವಿಲು ಗರಿಗೆದರಿರುತ್ತದೆ. ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಆನೆಯಾಕಾರದ ತೂತು ಕಂಡ ಔಷಧದಂಗಡಿಯವನು, "ಈ ಮಾತ್ರೆ ನಮ್ಮಲ್ಲಿ ಬರಲ್ಲ ಸ್ವಾಮಿ" ಎಂದದ್ದೂ ಉಂಟು. ಕತ್ತರಿಯನ್ನು ಕದಲಿಸದೆ ಕಾಗದವನ್ನೇ ತಿರುಗಿಸುವಾಗ ಆಕೆಯ ಬಾಯಿಯೂ ಜೊತೆಯಲ್ಲೇ ಸೊಟ್ಟಗೆ ತಿರುಗುತ್ತದೆ. ಇಡೀ ಚಿತ್ರ ಒಂದೇ ಹಾಳೆಯಲ್ಲಿ ಮೂಡಬೇಕು, ಅಂಟು ಮುಟ್ಟಬಾರದು ಎಂಬುದು ಆಕೆಯ ಹಟ. ಹಾಗಾಗಿ ಮನೆಮಂದಿಯ ಚಿತ್ರಕ್ಕೆ ಕೂತಾಗ ಪೇಚಾಯಿತು. ಅಣ್ಣನೊಡನೆ ಮಾತು ಬಿಟ್ಟು ವರ್ಷವಾಗಿದ್ದ ಮೈದುನ, "ಅವನ ಪಕ್ಕ ನನ್ನನ್ನ ನಿಲ್ಲಿಸಿದ್ರೆ ನೋಡಿ ಅತ್ತಿಗೆ!" ಎಂದು ಗುಡುಗಿದ. "ನಿಲ್ಲಿಸಲ್ಲ ಕಣಪ್ಪಾ. ಆದ್ರೆ ಏನನ್ನಾದ್ರೂ ಮುಟ್ಟಿಕೊಂಡಿರು, ಇಲ್ಲಾಂದ್ರೆ ಚಿತ್ರದಿಂದ ಉದುರಿಹೋಗ್ತೀಯ" ಎಂದ ಅತ್ತಿಗೆ, ಅಣ್ಣತಮ್ಮಂದಿರನ್ನು ಹಾಳೆಯ ಎರಡು ತುದಿಗೆ ಅಟ್ಟಿ, ನಡುವೆ ರೈಲಿನಷ್ಟು ಉದ್ದದ ಬೆಕ್ಕೊಂದನ್ನು ಮಲಗಿಸಿದರು. ಅದರ ಮೀಸೆ ಅಣ್ಣನ ಬೆರಳಿಗೆ ತಗುಲಿತ್ತು, ಬಾಲ ತಮ್ಮನ ಕೈಯಲ್ಲಿತ್ತು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈದುನ ಮಾತ್ರ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಬಾಲ ತೀರಾ ಸಣ್ಣಗಿದೆ ಅತ್ತಿಗೆ, ಹರಿದುಹೋದೀತು. ಸ್ವಲ್ಪ ದಪ್ಪಗೆ ಇನ್ನೊಂದು ಮಾಡಿ" ಎನ್ನುತ್ತ ತಾನೇ ಹೋಗಿ ಹೊಸ ಹಾಳೆ ತಂದುಕೊಟ್ಟ.