ಮೂರು ಮೆಟ್ಟಿಲಿನ ದಾವೀದಪ್ಪ ಮಾಸ್ತರು

ದಾವೀದಪ್ಪ ಮಾಸ್ತರು ಯಾರ ಮನೆಯಲ್ಲಾದರೂ ಕುಡಿಯಲು ನೀರು ಕೇಳಿದರೆಂದರೆ ಆ ಮನೆಯವರ ಗಂಟಲು ಒಣಗುತ್ತಿತ್ತು. ಧಾರವಾಡದ ನಮ್ಮ ಮಿಶನ್ ಕಂಪೌಂಡಿನಲ್ಲಿ ಮೂವತ್ತು ಮನೆಗಳಿದ್ದವು. ಅವರು ದಿನವೂ ಎಲ್ಲರ ಬಾಗಿಲ ಮುಂದೆ ಹಾಯ್ದೇ ಶಾಲೆಗೆ ಹೋಗುತ್ತಿದ್ದರು. ಕರೆದರೆ ನಿಲ್ಲುತ್ತಿದ್ದರು, ಚಹಾ ಕೊಟ್ಟರೆ ಬಸಿಯಲ್ಲಿ ಸುರುವಿಕೊಂಡು ಸೊರ್ರೆಂದು ಕುಡಿಯುತ್ತಿದ್ದರು. ಅದಕ್ಕೆಲ್ಲ ಯಾರೂ ಹೆದರುತ್ತಿರಲಿಲ್ಲ. ಆದರೆ ಅವರಾಗಿಯೇ ಬಂದು ಕಟ್ಟೆಯ ಮೇಲೆ ಕುಳಿತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಒಂದು ತಂಬಿಗಿ ನೀರು ಕೊಡವ್ವಾ” ಎಂದರೆ ಮುಗಿಯಿತು. ಆ ಮನೆಯ ಯಾರದೋ ತಪ್ಪು ಅವರ ಕಣ್ಣಿಗೆ ಬಿದ್ದಿದೆ ಎಂದೇ ಅರ್ಥ.

ನೀರೇ ಯಾಕೆ ಎಂದು ನಮ್ಮ ಅಪ್ಪ ಒಮ್ಮೆ ಕೇಳಿಯೇಬಿಟ್ಟಿದ್ದ. ಮಾಸ್ತರು ಹೇಳಿದ್ದು ಇಷ್ಟು: “ಒಬ್ಬರ ತಪ್ಪು ಹೇಳಾಕ ಹೋದಾಂವ ಮೊದಲ ಅವರ ಮನಿ ನೀರು ಬೇಡಿ ಕುಡೀಬೇಕೋ ಯಾಕೋಬ. ಬೇಡಿದ ಬಾಯಿಲೆ ದೊಡ್ಡಸ್ತಿಕಿ ಮಾತು ಲಗೂ ಬರೂದಿಲ್ಲ.”

ಉದ್ದನೆಯ ಆಳು, ಸ್ವಲ್ಪ ಬಾಗಿದ ಬೆನ್ನು. ಒಂದು ಕಾಲದಲ್ಲಿ ಕಪ್ಪಗಿದ್ದಿರಬಹುದಾದ ಕೋಟು. ಅದರ ಕಿಸೆಯಲ್ಲಿ ಯಾವಾಗಲೂ ಸೀಮೆಸುಣ್ಣದ ಚೂರು ಇರುತ್ತಿದ್ದುದರಿಂದ ಬಲಗಡೆ ಬಿಳಿ, ಎಡಗಡೆ ಬೂದಿ. ಮಿಶನ್ ಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಚರ್ಚಿನಲ್ಲಿ ಸಭೆಯ ಹಿರಿಯರಾಗಿದ್ದರು. ನನಗೆ ಗುಣಾಕಾರ ಭಾಗಾಕಾರ ಕಲಿಸಿದವರು ಅವರೇ. ನಾನು ಇಪ್ಪತ್ತು ತುಂಬಿ ಅದೇ ಶಾಲೆಯಲ್ಲಿ ಒಂದನೇ ಇಯತ್ತೆಗೆ ಕಲಿಸಲು ಸೇರಿದ ಮೇಲೂ ಅವರನ್ನು ಕಂಡರೆ ನನಗೆ ಗೊತ್ತಿಲ್ಲದೆಯೇ ಎದ್ದು ನಿಲ್ಲುತ್ತಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು.

ಅವರ ಬಾಯಲ್ಲಿ ಸದಾ ಇರುತ್ತಿದ್ದುದು ಮೂರು ಮೆಟ್ಟಿಲಿನ ಮಾತು. ಸಹೋದರನೊಬ್ಬ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಅವನೊಬ್ಬನಿಗೇ ಹೇಳಬೇಕು. ಕೇಳದಿದ್ದರೆ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಮಾತ್ರ ಸಭೆಗೆ ತಿಳಿಸಬೇಕು. ಇದು ಕರ್ತನು ತೋರಿಸಿದ ದಾರಿ ಎಂದು ಎಲ್ಲ ಪಾದ್ರಿಗಳೂ ಹೇಳುತ್ತಾರೆ. ಅದನ್ನು ಹಾಗೆಯೇ ನಡೆಸುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ. “ಮೊದಲನೇ ಮೆಟ್ಲ ಬಿಟ್ಟು ಎರಡನೇದಕ್ಕ ಹಾರಿದ್ರ ಮಣಕಾಲು ಒಡೀತೈತಿ, ನಿಂದಲ್ಲ, ಅವಂದು” ಎನ್ನುತ್ತಿದ್ದರು.

ಅಪ್ಪ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಒಂದು ರವಿವಾರ ಸಂಜೆ ಮಾಸ್ತರು ಬಂದು ನೀರು ಕೇಳಿದರು. ಅವ್ವ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಮಾಸ್ತರು ನಿಧಾನಕ್ಕೆ ನೀರು ಕುಡಿದು, ನಮ್ಮನ್ನೆಲ್ಲ ಒಳಗೆ ಕಳಿಸಿ, ಅಪ್ಪನಿಗೆ ಹೇಳಿದರು. ನಾವು ಬಾಗಿಲ ಹಿಂದೆಯೇ ಇದ್ದೆವು.

“ಯಾಕೋಬ, ಮೊದಲನೇ ಹಾಡು ಛಲೋ ನುಡಸ್ತಿ. ಕಡೀ ಹಾಡು ಯಾಕ ಹಂಗ ಓಡಸ್ತಿ? ಸಭಾದ ಮಂದಿ ತೇಕತಾರ. ಮನ್ಯಾಗ ಕುದ್ಯೂ ಸಾರಿನ ವಾಸನಿ ಅಲ್ಲಿತನಕ ಬರ್ತೈತೇನು?”

ಅಪ್ಪ ತಲೆ ತಗ್ಗಿಸಿ, “ಬರ್ತೈತ್ರಿ ಮಾಸ್ತರ” ಎಂದ.

“ಖರೇ ಹೇಳಿದಿ. ಹಂಗಾರ ಮುಂದಿನ ವಾರ ನನ್ನೂ ಊಟಕ್ಕ ಕರಿ. ಇಬ್ಬರೂ ಕೂಡಿ ಸಾವಕಾಶ ಮನಿಗೆ ಬರೂಣು.”

ಮುಂದಿನ ರವಿವಾರ ಕೊನೆಯ ಹಾಡು ಎಷ್ಟು ನಿಧಾನವಾಯಿತೆಂದರೆ ಪಾದ್ರಿ ಸಾಹೇಬರೇ ಎರಡು ಸಲ ಅಪ್ಪನ ಕಡೆ ತಿರುಗಿ ನೋಡಿದರು. ಮಾಸ್ತರು ನಮ್ಮ ಮನೆಯಲ್ಲಿ ಮೂರು ಸಲ ಸಾರು ಬಡಿಸಿಕೊಂಡರು.

ಇನ್ನೊಮ್ಮೆ ಅಕ್ಕಪಕ್ಕದ ಮನೆಗಳ ಇಬ್ಬರು ಹೆಂಗಸರ ನಡುವೆ ಕೋಳಿಯ ವಿಷಯಕ್ಕೆ ಮಾತು ನಿಂತಿತ್ತು. ಒಬ್ಬಳ ಕೋಳಿ ಇನ್ನೊಬ್ಬಳ ಹಿತ್ತಿಲಿನಲ್ಲಿ ತತ್ತಿ ಇಡುತ್ತಿತ್ತು. ಆ ಸಲ ಕರ್ತನ ಭೋಜನದ ರವಿವಾರ ಹತ್ತಿರ ಬಂದಿತ್ತು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಆ ದಿನ ಒಬ್ಬರ ಮೇಲೆ ಸಿಟ್ಟು ಇಟ್ಟುಕೊಂಡು ಯಾರೂ ಮೇಜಿನ ಬಳಿ ಬರಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಮಾಸ್ತರು ಎರಡೂ ಮನೆಗಳಲ್ಲಿ ನೀರು ಕುಡಿದು, ಹಿತ್ತಿಲಿಗೆ ಹೋಗಿ ಕೋಳಿಯನ್ನೇ ಕಂಕುಳಲ್ಲಿ ಹಿಡಿದು ತಂದು ನಡುವೆ ನಿಂತರು. “ಇದಕ್ಕ ಪಾಪ ಹತ್ತೂದಿಲ್ಲ, ನಿಮಗ ಹತ್ತೈತಿ. ಯಾರು ಮೊದಲ ಮಾತಾಡ್ತೀರಿ?” ಕೋಳಿ ಅವರ ಕೋಟಿನ ಮೇಲೆ ತನ್ನ ಉತ್ತರ ಕೊಟ್ಟಿತು. ಇಬ್ಬರು ಹೆಂಗಸರೂ ಒಟ್ಟಿಗೆ ನೀರು ತಂದು ಕೋಟು ತೊಳೆದರು.

ಇಂಥ ಮನುಷ್ಯ ನಮ್ಮ ರಾಹೇಲಕ್ಕನ ಮದುವೆಯನ್ನು ಮುರಿಯುವ ಹಂತಕ್ಕೆ ತಂದರು ಎಂದರೆ ಯಾರೂ ನಂಬಲಿಕ್ಕಿಲ್ಲ.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಗದಗಿನ ಹುಡುಗನೊಬ್ಬನೊಡನೆ ಅವಳ ಮದುವೆ ಮಾತಾಗಿತ್ತು. ಹುಡುಗನ ತಾಯಿ ಸುಲೋಚನಾಬಾಯಿಯವರು ಒಂದು ಗುರುವಾರ ನಮ್ಮ ಮನೆಗೆ ಬಂದಿದ್ದರು. ಅಂದು ಸಂಜೆ ವಾರದ ಪ್ರಾರ್ಥನೆಯ ಕೂಟವೂ ನಮ್ಮ ಮನೆಯಲ್ಲೇ ಇತ್ತು. ಹದಿನೈದು ಜನ ಚಾಪೆಯ ಮೇಲೆ ಕುಳಿತಿದ್ದರು. ಎಲ್ಲರೂ ಕಣ್ಣು ಮುಚ್ಚಿದೆವು. ಮಾಸ್ತರು ಪ್ರಾರ್ಥನೆ ಶುರು ಮಾಡಿದರು. ದೇವರೊಡನೆ ಮಾತ್ರ ಅವರು ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಮಳೆ ಬೆಳೆಗೆ ಬೇಡಿದರು, ಕಾಯಿಲೆಯವರಿಗೆ ಬೇಡಿದರು. ಆಮೇಲೆ ಧ್ವನಿ ತಗ್ಗಿಸಿದರು.

“ಪರಲೋಕದ ತಂದೆಯೇ, ಈ ಮನೆಯ ಹಿರಿಯ ಮಗಳು ಶನಿವಾರ ತಲೆನೋವೆಂದು ಹೇಳಿ ಹಾಡಿನ ಅಭ್ಯಾಸಕ್ಕೆ ಬರಲಿಲ್ಲ. ಹುಬ್ಬಳ್ಳಿಯ ಟಾಕೀಸಿನಲ್ಲಿ ಕುಳಿತಿದ್ದಳು. ಚಿಕ್ಕ ವಯಸ್ಸು, ಅವಳನ್ನು ಕ್ಷಮಿಸು.”

ನಮ್ಮ ಕಂಪೌಂಡಿನಲ್ಲಿ ಆಗ ಸಿನೆಮಾ ನೋಡುವುದೆಂದರೆ ಸೇಂದಿ ಅಂಗಡಿಗೆ ಹೋದಷ್ಟೇ ತಪ್ಪು. ನಾನು ಒಂದು ಕಣ್ಣು ತೆರೆದೆ. ಹದಿನೈದು ಜನರಲ್ಲಿ ಹದಿನಾಲ್ಕು ಜನ ಆಗಲೇ ತೆರೆದಿದ್ದರು. ಸುಲೋಚನಾಬಾಯಿಯವರು ಎದುರಿನ ಗೋಡೆ ನೋಡುತ್ತಿದ್ದರು. ಆಮೆನ್ ಎಂದವರು ಮಾಸ್ತರೊಬ್ಬರೇ. ಆ ಹೆಂಗಸು ಯಾರೆಂಬುದು ಅವರಿಗೆ ಗೊತ್ತಾದದ್ದು ಕೂಟ ಮುಗಿದ ಮೇಲೆ.

ಸುಲೋಚನಾಬಾಯಿಯವರು ಮರುದಿನ ಬೆಳಿಗ್ಗೆ, “ಮನ್ಯಾಗ ವಿಚಾರ ಮಾಡಿ ಪತ್ರ ಹಾಕತೇವ್ರಿ” ಎಂದು ಹೇಳಿ ರೈಲು ಹತ್ತಿದರು. ಅಂಥ ಪತ್ರ ಬರುವುದಿಲ್ಲ ಎಂಬುದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತಳು. ಸಿನೆಮಾಕ್ಕೆ ಹೋದದ್ದು ಖರೇ, ತಲೆನೋವೆಂದು ಸುಳ್ಳು ಹೇಳಿದ್ದೂ ಖರೇ. ಗೆಳತಿಯೊಬ್ಬಳು ಕರೆದಳೆಂದು ಆಸೆಪಟ್ಟು ಹೋಗಿದ್ದಳು. “ನನಗ ಬಂದು ಬೈದಿದ್ರ ಕಾಲಿಗೆ ಬೀಳತಿದ್ದೆ. ದೇವರಿಗೆ ಹೇಳಿದಂಗ ಮಾಡಿ ಊರಿಗೇ ಹೇಳಿದ್ರಲ್ಲ” ಎಂದು ಅತ್ತಳು.

ಅಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಮಾಸ್ತರಿಗೆ ಕೇಳುತ್ತೇನೆಂದು ಹೊರಟಿದ್ದ. ನಾನು ಅಡ್ಡ ನಿಂತೆ. “ಮೊದಲನೇ ಮೆಟ್ಲ ಅಪ್ಪಾ” ಎಂದೆ. ಅಪ್ಪ ಚಪ್ಪಲಿ ಬಿಟ್ಟು, “ಹಂಗಾರ ನೀನ ಹೋಗು” ಎಂದ.

ಹೋದೆ. ಶನಿವಾರ ಮುಂಜಾನೆ. ಮಾಸ್ತರು ಕಟ್ಟೆಯ ಮೇಲೆ ಕುಳಿತು ಕೊಡೆಯ ಬಟ್ಟೆಯನ್ನು ಕಡ್ಡಿಗೆ ಹೊಲಿಯುತ್ತಿದ್ದರು. “ಮಾಸ್ತರ, ಒಂದು ತಂಬಿಗಿ ನೀರು ಕೊಡ್ರಿ” ಎಂದೆ.

ಅವರ ಕೈಯಲ್ಲಿದ್ದ ಸೂಜಿ ನಿಂತಿತು. ಎದ್ದು ತಾವೇ ಒಳಗೆ ಹೋಗಿ ನೀರು ತಂದರು. ನಾನು ಕುಡಿಯುವವರೆಗೂ ಟೊಪ್ಪಿಗೆಯಿಲ್ಲದ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ನಿಮ್ಮ ಮೂರು ಮೆಟ್ಟಿಲು ಎಲ್ಲಿ ಹೋದವು ಎಂದೆ. ಅಕ್ಕನ ಮದುವೆ ನಿಂತಂತೆಯೇ ಎಂದೆ. ಕೊನೆಗೆ, “ಆಕಿ ಅಲ್ಲಿ ಕುಂತದ್ದು ನಿಮಗ ಯಾರು ಹೇಳಿದ್ರಿ?” ಎಂದು ಕೇಳಿದೆ.

ಅವರು ಸೂಜಿಯನ್ನು ಕೊಡೆಯ ಬಟ್ಟೆಗೆ ಚುಚ್ಚಿಟ್ಟರು. “ಯಾರೂ ಹೇಳಲಿಲ್ಲ ಕರುಣಾ. ನಾನೂ ಒಳಗ ಇದ್ದೆ.”

ನನಗೆ ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡೆ. ಅವರು ನಗಲಿಲ್ಲ.

“ಧಾರವಾಡದಾಗ ಯಾರರೆ ನೋಡ್ತಾರಂತ ಹುಬ್ಬಳ್ಳಿಗೆ ಹೋದೆ. ಆ ಪಿಚ್ಚರ್ದಾಗಿನ ಹಾಡು ಛಲೋ ಅದಾವಂತ ಮಂದಿ ಅಂತಿದ್ರು. ಮುಂದ ಬೆಂಚಿನ ಮ್ಯಾಲೆ ಕುಂತಿದ್ದೆ, ನಡುವ ದೀಪಾ ಹತ್ತಿದಾಗ ತಿರುಗಿ ನೋಡಿದ್ರ ಹಿಂದ ಕುರ್ಚಿ ಮ್ಯಾಲೆ ನಿಮ್ಮಕ್ಕ ಕಾಣಿಸಿದ್ಲು. ಆಕಿಗೆ ಹೇಳಬೇಕಂತ ಮೂರು ಸಂಜಿ ನಿಮ್ಮ ಬಾಗಲತನಕ ಬಂದೆ. ನೀರು ಕೇಳಾಕ ಬಾಯಿ ಬರಲಿಲ್ಲ. ‘ನೀವು ಹೆಂಗ ನೋಡಿದ್ರಿ’ ಅಂತ ಆಕಿ ಕೇಳಿದ್ರ? ನನ್ನ ತಪ್ಪು ಮುಚ್ಚಾಕ ಹೋಗಿ ಆಕೀದು ತಗದು ದೇವರ ಮುಂದ ಇಟ್ಟೆ.”

ಮನೆಗೆ ಬಂದು ಅಕ್ಕನಿಗೆ ಒಂದು ಮಾತು ಹೇಳಿದರೆ ಸಾಕು ಎಂದೆ ನಾನು. ಅವರು ಸಾಲದೆಂದು ತಲೆಯಾಡಿಸಿದರು. “ಆಕಿ ಮಾನ ಕಳದದ್ದು ಮಂದಿ ಮುಂದ. ಮೂಲ್ಯಾಗ ನಿಂತು ಕ್ಷಮಾ ಕೇಳಿದ್ರ ಅದು ತಿರುಗಿ ಬರ್ತೈತೇನು?”

ಹಿರಿಯರಾಗಿ ಸಿನೆಮಾ ನೋಡಿದರೆಂದು ಸಭೆಯವರು ಏನು ಮಾಡಿಯಾರೋ ಎಂದು ನನಗೇ ಭಯವಾಯಿತು. ಮಾಸ್ತರು ಮಾತ್ರ ಅಂದೇ ಮಧ್ಯಾಹ್ನದ ಗಾಡಿಗೆ ಗದಗಿಗೆ ಹೋದರು. “ನೀವು ಅರ್ಧಾ ಪ್ರಾರ್ಥನಿ ಕೇಳಿ ಬಂದೀರಿ, ಉಳಿದರ್ಧಾ ಕೇಳಾಕ ಬರಬೇಕ್ರಿ” ಎಂದು ಸುಲೋಚನಾಬಾಯಿಯವರ ಬಾಗಿಲಲ್ಲಿ ನಿಂತರಂತೆ. ಒಳಗೆ ಕರೆದರೂ ಹೋಗಲಿಲ್ಲವಂತೆ.

ಕರ್ತನ ಭೋಜನದ ರವಿವಾರ ಅಪ್ಪ ಅಕ್ಕನನ್ನು ಬಲವಂತದಿಂದ ಎಬ್ಬಿಸಿ ಕರೆದುಕೊಂಡು ಬಂದ. ಸುಲೋಚನಾಬಾಯಿಯವರೂ ಬಂದು ಹೆಂಗಸರ ಸಾಲಿನಲ್ಲಿ ಕುಳಿತರು. ಮೇಜಿನ ಬಳಿ ಕರೆಯುವ ಮೊದಲು ಮಾಸ್ತರು ಎದ್ದು ಮುಂದೆ ಹೋದರು. ಪುಸ್ತಕದ ಕನ್ನಡವನ್ನು ಅಂದು ಮನೆಯಲ್ಲೇ ಬಿಟ್ಟು ಬಂದಿದ್ದರು.

“ರಾಹೇಲ ಪಿಚ್ಚರ್ ನೋಡ್ಯಾಳಂತ ನಾ ಮಂದಿ ಮುಂದ ಆಡಿದೆ. ಆಕಿ ಹಂತೇಕ ಹೋಗಿ ಹೇಳಲಿಲ್ಲ. ಯಾಕಂದ್ರ ನಾನೂ ಅದನ್ನ ನೋಡಾಕತ್ತಿದ್ದೆ. ಆಕಿ ಕುರ್ಚಿ ಮ್ಯಾಲಿದ್ದಳು, ನಾನು ಬೆಂಚಿನ ಮ್ಯಾಲಿದ್ದೆ. ಅಷ್ಟ ಫರಕು. ರಾಹೇಲ, ನನ್ನ ಕ್ಷಮಿಸವ್ವಾ.”

ಯಾರೋ ಹಿಂದೆ ಕಿಸಕ್ಕೆಂದರು. ಅಷ್ಟೇ, ಇಡೀ ಚರ್ಚು ನಕ್ಕಿತು. ಪಾದ್ರಿ ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಅಕ್ಕ ಎದ್ದು ನಿಂತು, “ಕ್ಷಮಿಸೇನ್ರಿ” ಎಂದಳು. ಅವಳೊಬ್ಬಳು ನಕ್ಕಿರಲಿಲ್ಲ. ಹೊರಗೆ ಬಂದ ಮೇಲೆ ಸುಲೋಚನಾಬಾಯಿಯವರು ಅವ್ವನ ಕೈ ಹಿಡಿದು ಹೇಳಿದರು: “ನಮ್ಮ ಮನ್ಯಾಗೂ ಎಲ್ಲಾರೂ ನೋಡ್ತಾರವ್ವಾ. ಹಿಂಗ ಎದ್ದು ನಿಂತು ಹೇಳಾವರು ಮಾತ್ರ ಒಬ್ಬರೂ ಇಲ್ಲ. ತಾರೀಖು ಹಿಡಿಯೂಣು.”

ಮಾಸ್ತರು ತಾವಾಗಿಯೇ ಹಿರಿಯರ ಸ್ಥಾನ ಬಿಟ್ಟು ಕೊನೆಯ ಬೆಂಚಿಗೆ ಹೋದರು. ಮರುವರ್ಷ ಎಲ್ಲರೂ ಕರೆದರೂ ಮುಂದೆ ಬರಲಿಲ್ಲ. ಅಲ್ಲಿ ಗಾಳಿ ಛಲೋ ಬರುತ್ತದೆ ಎಂದರು. ವಿಚಿತ್ರವೆಂದರೆ ಅಂದಿನಿಂದ ಜನ ತಾವೇ ಅವರ ಮನೆಗೆ ಹೋಗಿ ತಮ್ಮ ತಪ್ಪು ಹೇಳಿಕೊಳ್ಳತೊಡಗಿದರು.

ಅಕ್ಕ ಮಾತ್ರ ಹೋಗಲಿಲ್ಲ. ಗದಗಿನಿಂದ ತವರಿಗೆ ಬಂದಾಗ ಮಾಸ್ತರ ಮನೆ ತಪ್ಪಿಸಿ ಹಿಂದಿನ ಗೇಟಿನಿಂದ ಬರುತ್ತಿದ್ದಳು. ಇನ್ನೂ ಸಿಟ್ಟೇ ಎಂದು ಕೇಳಿದರೆ ಅಲ್ಲ ಎನ್ನುತ್ತಿದ್ದಳು. ಒಮ್ಮೆ ಮಾತ್ರ ಬಾಯಿ ಬಿಟ್ಟಳು: “ಅವರು ಹೇಳಿ ಹಗುರಾದ್ರು. ನನ್ನ ತಲಿನೋವಿನ ಸುಳ್ಳು ನನ್ನ ಹಂತೇಕ ಉಳೀತು ನೋಡು. ಅದನ್ನ ಯಾರೂ ಕೇಳಲೇ ಇಲ್ಲ.”

ಏಳೆಂಟು ವರ್ಷ ಹೀಗೇ ಹೋಯಿತು. ಒಂದು ಕ್ರಿಸ್‌ಮಸ್ ಹೊತ್ತಿಗೆ ಮಾಸ್ತರು ಹಾಸಿಗೆ ಹಿಡಿದರು. ಹಬ್ಬಕ್ಕೆ ಬಂದಿದ್ದ ಅಕ್ಕನನ್ನು ನಾನು ಕೈ ಹಿಡಿದೇ ಕರೆದುಕೊಂಡು ಹೋದೆ. ಅವರ ದೇಹ ಹೊದಿಕೆಯ ಕೆಳಗೆ ಇದೆಯೋ ಇಲ್ಲವೋ ಎನ್ನುವಂತಿತ್ತು. ಅಕ್ಕ ಬಾಗಿಲಲ್ಲೇ ನಿಂತು ಗಡಿಬಿಡಿಯಿಂದ ಹೇಳಿದಳು: “ಮಾಸ್ತರ, ಅವತ್ತು ನನಗ ತಲಿನೋವು ಇರಲಿಲ್ರಿ. ಎಲ್ಲಾರಿಗೂ ಸುಳ್ಳು ಹೇಳಿ ಹೋಗಿದ್ದೆ. ನನ್ನ ಕ್ಷಮಿಸ್ರಿ.”

“ಎಂದೋ ಕ್ಷಮಿಸೇನಿ ತಂಗಿ. ನೀ ಬರ್ತಿ ಅಂತ ದಾರಿ ನೋಡಾಕತ್ತಿದ್ದೆ.” ಅವರ ಕಣ್ಣು ಮಿನುಗಿದವು. “ಬಾ, ಹತ್ರ ಕೂಡು. ನಿನಗೊಂದು ಕೇಳಬೇಕಾಗಿತ್ತು. ನಿನ್ನ ನೋಡಿ ಹೆದರಿ ನಾ ಅರ್ಧಕ್ಕ ಎದ್ದು ಬಂದೆ. ಆ ಪಿಚ್ಚರ್ದಾಗ ಕಡೀಕ ಏನಾತು?”

ಅಕ್ಕ ಮಂಚದ ತುದಿಗೆ ಕುಳಿತಳು. ಮನೆ ಬಿಟ್ಟು ಹೋಗಿದ್ದ ಮಗ ತಿರುಗಿ ಬಂದದ್ದು, ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡದ್ದು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತದ್ದು, ಎಲ್ಲವನ್ನೂ ಕೈ ಬಾಯಿ ತಿರುಗಿಸಿ ಅರ್ಧ ತಾಸು ಹೇಳಿದಳು. ಮಾಸ್ತರು ನಡುನಡುವೆ “ಹೌದಾ, ಭಾಳ ಛಲೋ ಆತು” ಎನ್ನುತ್ತ, ಕೇಳುತ್ತ ಕೇಳುತ್ತ ನಿದ್ದೆ ಹೋದರು. ನಾವು ಅವರನ್ನು ನೋಡಿದ್ದು ಅದೇ ಕೊನೆ.

ಹೊಸ ವರ್ಷದ ವಾರದಲ್ಲಿ ಅವರನ್ನು ಮಣ್ಣು ಮಾಡಿ ಮರಳಿ ಬರುವಾಗ ಅಕ್ಕ ದಾರಿಯಲ್ಲಿ ನಿಂತುಬಿಟ್ಟಳು.

“ಕರುಣಾ, ಆ ಪಿಚ್ಚರ್ ನಾನೂ ಪೂರಾ ನೋಡಿಲ್ಲ. ಧಾರವಾಡದ ಬಸ್ ತಪ್ಪತೈತಂತ ಅರ್ಧಕ್ಕ ಎದ್ದು ಬಂದಿದ್ದೆ.”

“ಮತ್ತ ಅವರಿಗೆ ಹೇಳಿದ್ದು?”

“ಎಲ್ಲಾ ನಾನ ಕಟ್ಟಿ ಹೇಳಿದೆ. ಅವರು ಅಷ್ಟು ಆಸೆಲೆ ಕೇಳಿದ್ರು, ಗೊತ್ತಿಲ್ಲ ಅನ್ನಾಕ ಆಗಲಿಲ್ಲ.” ಅಕ್ಕ ನಗತೊಡಗಿದಳು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿದವು. “ಸುಳ್ಳಿಗೆ ಕ್ಷಮಾ ಕೇಳಾಕ ಹೋಗಿ ಮತ್ತೊಂದು ಸುಳ್ಳು ಹೇಳಿ ಬಂದೆ ನೋಡು. ಇದನ್ನ ಈಗ ಯಾರ ಮುಂದ ಹೇಳ್ಲಿ?”