ನೀಲಿ ಗ್ಲೌಸು

ತೊಂಬತ್ತರ ದಶಕದ ಕೊನೆ. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನಾವಿಬ್ಬರೂ ಎಳೆಗೂಸುಗಳ ವಾರ್ಡಿನ ನರ್ಸುಗಳು. ನಾನು ಪರಶುರಾಂಪುರದವಳು; ಅವಳು ಮೊಳಕಾಲ್ಮೂರಿನ ನೇಕಾರರ ಮಗಳು, ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುವವಳು. ಹರಿದ ರೇಷ್ಮೆ ಎಳೆಗೆ ಗಂಟು ಹಾಕುತ್ತ ಬೆಳೆದ ಬೆರಳು ಅವಳದು. ಎಂಥ ಸಣ್ಣ ಮಗುವಿನ ನರವೂ ಅವಳ ಸೂಜಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ಡಾಕ್ಟರುಗಳೇ ಕೈಚೆಲ್ಲಿ ಅವಳನ್ನು ಕರೆಸುತ್ತಿದ್ದರು. ನನಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳು, ಆದರೆ ಹೆಮ್ಮೆಯೇ ಹೆಚ್ಚು.

ಅಂಥ ಕೈಗೆ ಗ್ಲೌಸು ಆಗಿಬರಲಿಲ್ಲ. ರಬ್ಬರು ತಾಗಿದರೆ ಸಾಕು, ತುರಿಕೆ, ಗುಳ್ಳೆ. ಬೇರೆ ತರಹದ್ದು ತರಿಸಿ ಎಂದು ನಾನೇ ಹೋಗಿ ಮೇಲ್ವಿಚಾರಕಿಯ ಹತ್ತಿರ ಗೋಗರೆದೆ. ಒಬ್ಬಳಿಗೋಸ್ಕರ ಆಗದು ಎಂದಳು ಆ ಮಹಾತಾಯಿ. ವರ್ಷದ ಮೆಡಿಕಲ್ ತಪಾಸಣೆ ಬೇರೆ ಹತ್ತಿರ ಬರುತ್ತಿತ್ತು. ಅದರಲ್ಲಿ ಅನ್‌ಫಿಟ್ ಆದರೆ ವೀಸಾನೂ ಇಲ್ಲ, ಕೆಲಸಾನೂ ಇಲ್ಲ.

ಆ ಸಲ ರಜೆಯಲ್ಲಿ ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಅವಳ ಮನೆಗೆ ಹೋದೆ. ವಿಷಯ ಕೇಳಿ ಅವಳ ಅವ್ವ ಹೊಂಗೆ ಎಣ್ಣೆಯ ಬಾಟಲಿ ಕೈಗಿಟ್ಟರು.

"ಕಜ್ಜಿ ತುರಿಗೆಲ್ಲ ನಮಗೆ ಇದೇ ಮದ್ದು. ದಿನಾ ಹಚ್ಕೊಳ್ಳಾಕೆ ಹೇಳವ್ವ, ವಾಸಿಯಾಗ್ತೈತೆ."

ನಾನೂ ಅದನ್ನೇ ಹಚ್ಚಿಕೊಂಡು ಬೆಳೆದವಳು. ಸೀರೆಯಲ್ಲಿ ಸುತ್ತಿ ಜೋಪಾನವಾಗಿ ಮಸ್ಕತ್ತಿಗೆ ಒಯ್ದೆ.

ಬಾಟಲಿ ಮೂಸಿ ಅವಳು ಅತ್ತೇಬಿಟ್ಟಳು. "ನಮ್ಮವ್ವನ ವಾಸನೆ ಐತೆ ಕಣೇ." ಡ್ಯೂಟಿಗೆ ಮುಂಚೆ ಕೈಗೆ ಸವರಿಕೊಂಡು ಅದರ ಮೇಲೇ ಗ್ಲೌಸು ಏರಿಸತೊಡಗಿದಳು. ಎಣ್ಣೆ ರಬ್ಬರನ್ನು ತಿನ್ನುತ್ತದೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ, ಓದಿದವರಂತೆ ನಾವು! ಒಂದು ಬೆಳಿಗ್ಗೆ ಡಾಕ್ಟರುಗಳು ರೌಂಡ್ಸಿಗೆ ಬಂದಾಗ, ಮಗುವಿನ ಪಾದ ಹಿಡಿದಿದ್ದಂತೆಯೇ ಗ್ಲೌಸು ಪರ್ರನೆ ಹರಿಯಿತು. ಗುಳ್ಳೆ ಎದ್ದ ಅವಳ ಕೈ ಎಲ್ಲರಿಗೂ ಕಂಡಿತು. ಅನ್‌ಫಿಟ್ ಎಂದು ಬರೆದು ಊರಿಗೆ ಕಳಿಸಿದರು. ಬೇಡಿದೆ, ಜಗಳ ಆಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುವರ್ಷ ದೊಡ್ಡ ಸರ್ಜನ್ನಿಗೂ ಅದೇ ತುರಿಕೆ ಹತ್ತಿತು ನೋಡಿ, ಇಡೀ ಆಸ್ಪತ್ರೆಗೆ ಬೇರೆ ಜಾತಿಯ ನೀಲಿ ಗ್ಲೌಸು ಬಂತು! ಅವಳನ್ನು ವಾಪಸ್ ಕರೆಸಿ ಎಂದು ಆಫೀಸಿಗೆ ಹೋದೆ. ಒಮ್ಮೆ ಅನ್‌ಫಿಟ್ ಎಂದು ಬರೆದರೆ ಮುಗಿಯಿತು ಎಂದರು.

ಆದರೂ ರಜೆಗೆ ಬರುವಾಗ ಒಂದು ಜೊತೆ ತಂದೆ. ಯಾಕೆ ತಂದೆನೋ! ಅವಳು ಮಗ್ಗದಿಂದ ಎದ್ದು ಬಂದು ಕೂಡಲೇ ಹಾಕಿಕೊಂಡಳು. ಮಧ್ಯಾಹ್ನದ ಊಟಕ್ಕೂ ಬಿಚ್ಚಲಿಲ್ಲ, ಅವ್ವನೇ ತುತ್ತು ಕೊಟ್ಟರು. ಬಸ್ಸಿನ ಹೊತ್ತಾದ ಮೇಲೆ ಬಿಚ್ಚಿದಳು. ಕೈ ನುಣ್ಣಗಿತ್ತು, ಒಂದು ಗುಳ್ಳೆಯಿಲ್ಲ.

"ಏನೂ ಆಗಿಲ್ಲ ನೋಡೇ! ಈಗ ಕರ್ಕೊಳ್ತಾರಾ?"

ಇಲ್ಲವೆಂದು ತಲೆಯಾಡಿಸಿದೆ.

ಅವಳು ಗ್ಲೌಸನ್ನು ಮಡಚಿ ನನ್ನ ಬ್ಯಾಗಿಗೆ ಹಾಕಿದಳು.

"ನೀನೇ ಇಟ್ಕೋ. ಡ್ಯೂಟಿಗೆ ಬೇಕಾಗ್ತಾವೆ."